ಆಗುವ ಚಳಿ, ಬರುವ ಚಳಿ

ಬುಧವಾರ, ನವೆಂಬರ್ ೧೨

ನನ್ನ ಕನ್ನಡದಿಂದಾಗಿ ಇವತ್ತು ಚಿಕ್ಕಮ್ಮನ ಕೀಮೋ ನಡುವೆಯೇ ನಿಂತಿತು. ಡ್ರಿಪ್ ಅರ್ಧ ಇಳಿದಿತ್ತು. ಎರಡು ಕಂಬಳಿ, ಮೇಲೆ ನನ್ನ ಶಾಲು ಹೊದಿಸಿದ್ದರೂ ಅವಳು, "ಯಾಕೋ ಚಳಿ ಆಗ್ತಿದೆ ಕಣೆ" ಅಂದಳು. ನಾನು ನರ್ಸ್ ಹತ್ತಿರ ಓಡಿ, "ಚಿಕ್ಕಮ್ಮಂಗೆ ಚಳಿ ಬರ್ತಿದೆ" ಅಂದೆ. ಚಳಿ ಆಗುವುದು ಕೋಣೆಯಿಂದ, ಚಳಿ ಬರುವುದು ಜ್ವರದಿಂದ. ಇಂಗ್ಲಿಷ್ ಮೀಡಿಯಂನ ನನಗೆ ಎರಡೂ ಒಂದೇ. ನರ್ಸ್ ಬಂದವಳೇ ಡ್ರಿಪ್ ನಿಲ್ಲಿಸಿ, ಡಾಕ್ಟರನ್ನು ಕರೆಸಿದಳು.

ಜ್ವರ ಇರಲಿಲ್ಲ.

"ಆಗ್ತಿದೆ ಅಂದ್ರೆ ಬರ್ತಿದೆ ಅಂತೀಯಲ್ಲೇ! ಹುಷಾರಾಗಿ ಎದ್ದ ಮೇಲೆ ನಿನ್ನ ಚಳಿ ಬಿಡಿಸ್ತೀನಿ, ಇರು" ಎಂದು ಚಿಕ್ಕಮ್ಮ ಗದರಿದಳು. ನರ್ಸ್ ನಗುತ್ತಲೇ ಬಿಸಿ ಮಾಡಿದ ಕಂಬಳಿಯೊಂದನ್ನು ಹೊದಿಸಿ, ಡ್ರಿಪ್ ಮತ್ತೆ ಶುರು ಮಾಡಿದಳು.

ಅವಳು ಅತ್ತ ಹೋದ ಮೇಲೆ ಚಿಕ್ಕಮ್ಮ ದನಿ ತಗ್ಗಿಸಿ ಹೇಳಿದಳು: "ನಿಲ್ಲಿಸಿದ್ರಲ್ಲ, ಆಗ ಎಷ್ಟು ಹಾಯಾಗಿತ್ತು ಗೊತ್ತಾ? ಮತ್ತೆ ಶುರು ಮಾಡೋದೇ ಬೇಡ ಅನ್ನಿಸ್ತು. ಚಿಕ್ಕಪ್ಪಂಗೆ ಹೇಳ್ಬೇಡ."

ಧೈರ್ಯದ ಮಾತು ಬಾಯಿಯವರೆಗೆ ಬಂತು. ಅದು ಅವಳಿಗಾಗಿಯೋ ನನಗಾಗಿಯೋ ತಿಳಿಯಲಿಲ್ಲ. ಕಂಬಳಿಯೊಳಗೆ ಕೈ ಹಾಕಿ ಅವಳ ಪಾದಗಳನ್ನು ಉಜ್ಜುತ್ತ ಕುಳಿತೆ.

ಮನೆಗೆ ಬಂದಾಗ ಚಿಕ್ಕಪ್ಪ ಬಾಗಿಲಲ್ಲೇ, "ಎಲ್ಲಾ ಸರಿಯಾಯ್ತಾ?" ಎಂದು ಕೇಳಿದರು. "ಆಯ್ತು" ಅಂದೆ. ಚಿಕ್ಕಮ್ಮ ನನ್ನತ್ತ ನೋಡಲಿಲ್ಲ.

ಮುಂದಿನ ಸಲ ಅವಳು ಬರಲ್ಲ ಅಂದರೆ? ಏನೇನೋ ಹೇಳಿ ಕರೆದುಕೊಂಡು ಹೋಗುವವಳು ನಾನೇ, ಅದು ಗೊತ್ತು. ಆದರೆ ಡ್ರಿಪ್ ನಿಂತಿದ್ದಾಗಿನ ಅವಳ ಮುಖವನ್ನು ನಾನೂ ನೋಡಿಬಿಟ್ಟಿದ್ದೇನೆ. ಅಷ್ಟು ನಿರಾಳವಾಗಿ ಅವಳನ್ನು ನೋಡಿ ಎಷ್ಟೋ ತಿಂಗಳಾಗಿತ್ತು.