ಒಮ್ಮತದಿಂದ

ಕೂಹ್ಮೊ, ಅಕ್ಟೋಬರ್ ೯

ಪ್ರೀತಿಯ ಸೈಮಿ ಅಕ್ಕಾ,

ಇವತ್ತು ಬೆಳಿಗ್ಗೆ ಅಡುಗೆಮನೆಯ ಗೋಡೆಯಲ್ಲಿ ಒಂದು ಮೊಳೆ ಖಾಲಿಯಿತ್ತು. ಒಂಬತ್ತು ಮೊಳೆ, ಎಂಟು ಮರದ ಬಟ್ಟಲು. ನಮ್ಮ ಗುರು ರೈಲಿ ತಮ್ಮ ಕಾಫಿ ಬಟ್ಟಲನ್ನು ಯಾರಿಗೂ ಹೇಳದೆ ಮನೆಗೆ ಒಯ್ದಿದ್ದಾರೆ. ಆ ಮೊಳೆಯ ಕೆಳಗೇ ನಿಂತು ಎಂಟು ಜನ ಗಂಜಿ ಬಡಿಸಿಕೊಂಡೆವು. ಒಬ್ಬರೂ ತಲೆ ಎತ್ತಲಿಲ್ಲ.

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯಲಿಲ್ಲ, ಕ್ಷಮಿಸು. ನೀನು ಹೆಣೆದು ಕಳಿಸಿದ ಕಾಲುಚೀಲ ಹಾಕಿಕೊಂಡೇ ಬರೆಯುತ್ತಿದ್ದೇನೆ. ನಿನ್ನ ಬೆನ್ನುನೋವು ಹೇಗಿದೆ? ರೋಗಿಗಳನ್ನು ಒಬ್ಬಳೇ ಎತ್ತುವುದನ್ನು ಬಿಟ್ಟೆಯಾ ಇಲ್ಲವಾ? ಮೊದಲೇ ಹೇಳಿಬಿಡುತ್ತೇನೆ, ಇದು ಸಿಟ್ಟಿನ ಪತ್ರ. ಬಾಯಿಬಿಟ್ಟು ಸಿಟ್ಟಾಗಲು ನನಗೆ ಬರುವುದಿಲ್ಲವೆಂದು ನಿನಗೆ ಗೊತ್ತು. ಅದೆಲ್ಲ ಕೈಗೆ ಇಳಿಯುತ್ತದೆ.

ಮಕ್ಕಳಿಗೆ ಕಾಡಿನ ಪಾಠ ಮಾಡುವವರನ್ನು ತಯಾರು ಮಾಡುವುದು ಈ ಕೇಂದ್ರದ ಕೆಲಸ. ಇಪ್ಪತ್ತೆರಡು ವರ್ಷಗಳಿಂದ ಆ ಕೆಲಸ ಎಂದರೆ ರೈಲಿ. ಮೊದಲ ದಿನ ಅವರು ನಮ್ಮನ್ನೆಲ್ಲ ಜೌಗಿನಲ್ಲಿ ಬೋರಲಾಗಿ ಮಲಗಿಸಿದರು. ನಾನು ಪಾಚಿಯನ್ನು ನೋಡುತ್ತ ಮೈಮರೆತಿದ್ದೆ. "ಏನಮ್ಮಾ ಕವಯಿತ್ರಿ, ಪಾಚಿಗೆ ಉಪಮೆ ಹುಡುಕ್ತಾ ಇದೀಯಾ? ಹಿಂಡು ಅದನ್ನ!" ಎಂದರು. ಹಿಂಡಿದೆ. ಒಂದು ಹಿಡಿ ಪಾಚಿಯಿಂದ ಅರ್ಧ ಬಟ್ಟಲು ನೀರು ಬಂತು. "ಈಗ ಹೇಳು, ಈ ಜೌಗು ಬತ್ತಿಸಿದ್ರೆ ಕೆಳಗಿನ ಹಳ್ಳಕ್ಕೆ ಏನಾಗುತ್ತೆ?" ಐದು ವರ್ಷ ಸಾಹಿತ್ಯ ಓದಿದ ನನ್ನನ್ನು ಯಾರೂ ಒಂದು ಪ್ರಶ್ನೆಯಿಂದ ಹಾಗೆ ಎಬ್ಬಿಸಿ ಕೂರಿಸಿರಲಿಲ್ಲ.

ಹೋದ ಗುರುವಾರ ಊರಿನ ಶಾಲೆಯ ಮಕ್ಕಳು ಬಂದಿದ್ದರು. ಬೇರೆ ಬೇರೆ ಮರಗಳ ಗಡಸನ್ನು ಕೈಯಲ್ಲೇ ತಿಳಿಯಬೇಕೆಂದು ರೈಲಿ ಅವರಿಂದ ಬೆಣ್ಣೆ ಸವರುವ ಚಾಕು ಕೆತ್ತಿಸುತ್ತಾರೆ. ಮೊದಲು ಬರ್ಚ್, ಆಮೇಲೆ ಪೈನ್. ಮಕ್ಕಳನ್ನು ಗುಂಪು ಮಾಡಿ ನಮ್ಮ ನಮ್ಮ ಕೈಗೆ ಒಪ್ಪಿಸಿದ್ದರು. ಒಂದು ಗುಂಪಿನಲ್ಲಿ ಏಳು ವರ್ಷದ ಹಿಲ್ಪ ಎಂಬ ಹುಡುಗಿಯ ಹೆಬ್ಬೆರಳು ಕೊಯ್ದಿತು. ಎರಡು ಹೊಲಿಗೆ. ಅಷ್ಟೇ ಅಕ್ಕಾ. ಸಂಜೆ ಅವಳ ಅಮ್ಮ ಫೋನ್ ಮಾಡಿ ಕೇಳಿದ್ದು ಒಂದೇ: "ಅರ್ಧ ಕೆತ್ತಿದ ಚಾಕು ಎಸೆದಿಲ್ಲ ತಾನೇ? ಆಗಿಂದ ಅದನ್ನೇ ಕೇಳ್ತಿದ್ದಾಳೆ."

ದೂರು ಕೊಟ್ಟವರು ಯಾರೂ ಇಲ್ಲ. ಹೆದರಿದ್ದು ಕೇಂದ್ರದ ಮುಖ್ಯಸ್ಥ ಯಾರ್ಕೊ. ಪೇಟೆಯಿಂದ ಬಂದು ಒಂದು ವರ್ಷವಾಗಿದೆ, ಆತನ ಬೂಟಿನಲ್ಲಿ ಇನ್ನೂ ಅಂಗಡಿಯ ಹೊಳಪು. ನಿನ್ನೆ ಸಭೆ ಕರೆದ. ಇನ್ನು ಮೇಲೆ ಚಾಕು ಇಲ್ಲ, ಗರಗಸ ಇಲ್ಲ, ಗುದ್ದಲಿ ಇಲ್ಲ. ಮಣ್ಣನ್ನು ಗಾಜಿನ ಡಬ್ಬಿಯಲ್ಲಿ ತೋರಿಸಬೇಕು, ಎಲೆಗಳನ್ನು ಪ್ಲಾಸ್ಟಿಕ್ ಹೊದಿಸಿದ ಕಾರ್ಡಿನಲ್ಲಿ. ರೈಲಿಯ ತರಗತಿ ಈ ತಿಂಗಳಿಗೇ ಕೊನೆ.

"ಕಾಡು ಅಂದ್ರೆ ಒಂದು ಅನುಭವ. ಅದಕ್ಕೆ ಚಾಕು ಯಾಕೆ ಬೇಕು?" ಎಂದ.

"ಪೇಟೇಲಿ ಕುಂತು ಕೇಕ್ ತಿನ್ನೋದೂ ಅನುಭವವೇ ಯಾರ್ಕೊ," ಎಂದರು ರೈಲಿ. "ಅದಕ್ಕೆ ಇಷ್ಟು ದೂರ ಮಕ್ಕಳನ್ನ ಯಾಕೆ ಕರ್ಕೊಂಡು ಬರ್ಬೇಕು?"

ಯಾರೂ ನಗಲಿಲ್ಲ. ಆತ ಕಾಗದ ತಿರುವಿ, "ಯಾರ ಗುಂಪಲ್ಲಿ ಆಗಿದ್ದು ಅದು?" ಎಂದು ಕೇಳಿದ.

"ನನ್ನ ಪಾಠ, ನನ್ನ ಚಾಕು, ನನ್ನ ಗುಂಪು. ಮುಂದಿಂದು ಹೇಳು," ಎಂದರು ರೈಲಿ.

"ಹಾಗಾದ್ರೆ ಒಪ್ಪಿಗೆ ತಾನೇ?" ಎಂದು ಆತ ಮೇಜಿನ ಸುತ್ತ ನೋಡಿದ.

ನಮ್ಮ ಸಭೆಗಳು ನಿನಗೆ ಗೊತ್ತಲ್ಲ. ಯಾರೂ ಮಾತಾಡದಿದ್ದರೆ ಎಲ್ಲರೂ ಒಪ್ಪಿದಂತೆ. ನಾವು ಇದನ್ನು ಸಭ್ಯತೆ ಎನ್ನುತ್ತೇವೆ. ಇನ್ನೊಬ್ಬರ ಮಾತಿಗೆ ಅಡ್ಡ ಬರದಿರುವುದು, ಸರದಿ ಕಾಯುವುದು, ಗಲಾಟೆ ಮಾಡದಿರುವುದು. ಹಾಗೆ ಕಾಯುತ್ತ ಕಾಯುತ್ತ ಒಬ್ಬ ಹೆಂಗಸಿನ ಇಪ್ಪತ್ತೆರಡು ವರ್ಷ ನಮ್ಮ ಮುಂದೆಯೇ ಮುಗಿದುಹೋಯಿತು. ಯಾರ್ಕೊ ಟಕ್ ಎಂದು ಮೇಜಿನ ಮೇಲೆ ಸುತ್ತಿಗೆ ಬಡಿದ. ಆ ಪುಟ್ಟ ಮರದ ಸುತ್ತಿಗೆಯನ್ನು ಕೇಂದ್ರಕ್ಕೆಂದು ಕೆತ್ತಿಕೊಟ್ಟವರು ರೈಲಿಯೇ. ಆತ ಬೇಡವೆಂದ ಅದೇ ಚಾಕುವಿನಿಂದ.

ಆಮೇಲೆ ಸೌನಾದ ಉಗಿಮನೆಯಲ್ಲಿ ಬಿಸಿ ತಾಗಿದಾಗ ಎಲ್ಲರಿಗೂ ಬಾಯಿ ಬಂತು. ನನ್ನ ಜೊತೆ ತರಬೇತಿಗೆ ಬಂದಿರುವ ಓನರ್ವ ಕಾದ ಕಲ್ಲಿನ ಮೇಲೆ ನೀರು ಎರಚಿ ಎರಚಿ ಬೈದಳು. "ಥೂ, ಯಾರಾದ್ರೂ ಮಾತಾಡ್ಬೇಕಿತ್ತು ಕಣ್ರೇ!"

"ನೀನ್ಯಾಕೆ ಆಡ್ಲಿಲ್ಲ?" ಎಂದಳು ಮೇಲಿನ ಹಲಗೆಯಲ್ಲಿದ್ದ ಸಿಲ್ಯ.

"ನನ್ನ ಸರದಿ ಬರ್ಲಿಲ್ಲ."

"ಸರದಿ ಬರೋಕೆ ಅದೇನು ಟಿಕೆಟ್ ಕೌಂಟರಾ?"

ಇಬ್ಬರೂ ನಕ್ಕರು. ನನಗೆ ಅವರ ಮೇಲೆ ಆ ನೀರನ್ನೇ ಎರಚಬೇಕೆನ್ನಿಸಿತು. ಎರಚಲಿಲ್ಲ. ಕೆಳಗಿನ ಹಲಗೆಯಲ್ಲಿ ಮೊಣಕಾಲು ಅಪ್ಪಿಕೊಂಡು ಕೂತಿದ್ದೆ.

ಸಭೆಯ ನಡಾವಳಿ ಬರೆಯುವ ಕೆಲಸ ನನ್ನದು. "ಸಾಹಿತ್ಯ ಓದಿದವಳು, ಚೆನ್ನಾಗಿ ಬರೀತಾಳೆ," ಎಂದು ಯಾರ್ಕೊ ಮೊದಲ ವಾರವೇ ನನಗೆ ಅಂಟಿಸಿದ್ದ. ಚೆನ್ನಾಗಿಯೇ ಬರೆದಿದ್ದೇನೆ. 'ಚರ್ಚೆಯ ನಂತರ ಸಭೆಯು ಒಮ್ಮತದಿಂದ ತೀರ್ಮಾನಿಸಿತು.' ಒಂದೂ ಕಾಗುಣಿತ ತಪ್ಪಿಲ್ಲ. ನಾಳೆ ಒಂಬತ್ತಕ್ಕೆ ಅದನ್ನು ಎಲ್ಲರ ಮುಂದೆ ಓದಿ, ನಾನು ಸಹಿ ಮಾಡಿದರೆ ಆ ಮಾತು ಗಟ್ಟಿ.

ಚಳಿ ಶುರುವಾಗಿದೆ. ಬೆನ್ನಿಗೆ ಬೆಚ್ಚಗೆ ಸುತ್ತಿಕೋ. ಅಮ್ಮ ಇದ್ದಿದ್ದರೆ ಈ ಹೊತ್ತಿಗೆ ನನ್ನ ತಲೆ ನೇವರಿಸಿ ಏನಾದರೂ ಹೇಳುತ್ತಿದ್ದಳು. ಈಗ ಹರಸುವುದಕ್ಕೆ ನನಗೆ ಇರುವವಳು ನೀನೊಬ್ಬಳೇ. ಈ ಪತ್ರ ಪೂರ್ತಿ ಓದಿದ ಮೇಲೂ ಹರಸುತ್ತೀಯೆಂದು ನಂಬಿದ್ದೇನೆ.

ನಿನ್ನ ತಂಗಿ,
ವಿಯೇನೊ

ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ಹಿಲ್ಪ ಇದ್ದದ್ದು ನನ್ನ ಗುಂಪಿನಲ್ಲಿ. ಚಾಕು ಹಿಡಿದವರ ಸುತ್ತ ಒಂದು ತೋಳಿನಷ್ಟು ಜಾಗ ಖಾಲಿ ಇರಬೇಕೆಂದು ರೈಲಿ ಹೇಳಿಕೊಟ್ಟಿದ್ದರು. ಅದಕ್ಕೂ ಮೊದಲು, ನಾನು ಐದು ವರ್ಷದವಳಿದ್ದಾಗ, ನೀನು ಹೇಳಿಕೊಟ್ಟಿದ್ದೆ. ಮಕ್ಕಳು ಚಳಿಗೆ ಒತ್ತೊತ್ತಾಗಿ ಸರಿದು ಕೂತರು. ನಾನು ನೋಡಲಿಲ್ಲ. ಮರದ ಸಿಪ್ಪೆ ಸುರುಳಿಯಾಗಿ ಬೀಳುವುದು ಚೆಂದ ಕಂಡಿತ್ತು, ಬೆನ್ನು ತಿರುಗಿಸಿ ಅದಕ್ಕೊಂದು ಉಪಮೆ ಬರೆದುಕೊಳ್ಳುತ್ತಿದ್ದೆ. ಪಕ್ಕದ ಮಗುವಿನ ಮೊಣಕೈ ತಾಗಿ ಹಿಲ್ಪಳ ಚಾಕು ಜಾರಿತು. ರೈಲಿಗೆ ಎಲ್ಲವೂ ಗೊತ್ತಿತ್ತು. 'ನನ್ನ ಗುಂಪು' ಎನ್ನುವಾಗ ಅವರು ನನ್ನ ಕಡೆ ನೋಡಲೂ ಇಲ್ಲ. ನಾನು ತಲೆ ತಗ್ಗಿಸಿ ಆ ಮಾತನ್ನೂ ನಡಾವಳಿಯಲ್ಲಿ ಬರೆದುಕೊಂಡೆ.

ಉಪಮೆಯಿದ್ದ ಆ ಹಾಳೆಯನ್ನು ಈಗಷ್ಟೇ ಒಲೆಗೆ ಹಾಕಿದೆ. ನಡಾವಳಿಯಲ್ಲಿ 'ಒಮ್ಮತದಿಂದ' ಎಂಬುದನ್ನು ಹೊಡೆದುಹಾಕಿ, ಅದರ ಮೇಲೆ ಹಿಲ್ಪ ಇದ್ದ ಗುಂಪು ಯಾರದೆಂದು ನನ್ನ ಪೂರ್ತಿ ಹೆಸರು ಬರೆದಿದ್ದೇನೆ. ನಾಳೆ ಗಟ್ಟಿಯಾಗಿ ಓದುತ್ತೇನೆ.