ತೀರ್ಥ ಕುಡಿದ ಕಂಪ್ಯೂಟರ್

12 ಜುಲೈ 2004, ಸೋಮವಾರ

ಇವತ್ತೂ ಬೋರ್ಡಿನ ಮೇಲೆ ಚಾಕ್‌ಪೀಸಿನಲ್ಲಿ ಕೀಬೋರ್ಡ್ ಬರೆದೆ. ಒಂಬತ್ತನೇ ಕ್ಲಾಸಿನ ಮಕ್ಕಳು ಬೆಂಚಿನ ಮೇಲೆ ಬೆರಳಾಡಿಸಿ ತಮ್ಮ ತಮ್ಮ ಹೆಸರು ಟೈಪ್ ಮಾಡಿದರು. ಗೋಡೆಯ ಆಚೆಗೆ ಐದು ಹೊಸ ಕಂಪ್ಯೂಟರ್. ಸರ್ಕಾರ ಕೊಟ್ಟು ತಿಂಗಳಾಯಿತು. ಮೇಲೆ ಹೂವಿನ ಬಟ್ಟೆ ಹೊದಿಸಿ, ಬಾಗಿಲಿಗೆ ಬೀಗ ಜಡಿದಿದ್ದಾರೆ. ಬೀಗದ ಕೈ ಹೆಡ್‌ಮಾಸ್ಟರ್ ಸಿದ್ದಲಿಂಗಸ್ವಾಮಿಯವರ ಜೇಬಿನಲ್ಲಿ.

ಮತ್ತೆ ಕೇಳಿದೆ.

"ಮಕ್ಳು ಕೆಡಿಸ್ಬುಟ್ರೆ ಯಾರಮ್ಮ ಜವಾಬ್ದಾರಿ? ಮೊದ್ಲು ಥಿಯರಿ ಮುಗ್ಸಿ."

ಈಜು ಬಂದ ಮೇಲೆ ನೀರಿಗೆ ಇಳಿಯಿರಿ ಅಂದ ಹಾಗಾಯಿತು. ವಿಜ್ಞಾನದ ಮೇಷ್ಟ್ರುಗಳ ಪೈಕಿ ಕಂಪ್ಯೂಟರ್ ಟ್ರೈನಿಂಗಿಗೆ ಹೋಗಿ ಬಂದವಳು ನಾನೊಬ್ಬಳೇ. ಏನು, ಚಾಕ್‌ಪೀಸು ಸವೆಸಲಿಕ್ಕೆ ಹೋಗಿದ್ದೆನೇ? ಬಿಡುವುದಿಲ್ಲ.

2 ಆಗಸ್ಟ್

ಗೆದ್ದೆ!

ದಿನಾ ಪ್ರಾರ್ಥನೆ ಮುಗಿದ ಕೂಡಲೇ ಅವರ ರೂಮಿನ ಬಾಗಿಲಲ್ಲಿ ನಿಲ್ಲುತ್ತಿದ್ದೆ. "ಸಾರ್, ಬೀಗದ ಕೈ." ಅಷ್ಟೇ. ಇವತ್ತು ಮೇಜಿನ ಮೇಲೆ ಎಸೆದರು. "ತಗೊಳ್ಳಿ ಕಣಮ್ಮ, ನಿಮ್ ಕಾಟ ತಡಿಯಕ್ಕಾಗಲ್ಲ."

ಚಪ್ಪಲಿ ಹೊರಗೆ. ಕೈ ತೊಳೆದು ಒಳಗೆ. ದೇವಸ್ಥಾನಕ್ಕೆ ಹೋದ ಹಾಗೆ ಮಕ್ಕಳು ಮೆತ್ತಗೆ ಹೆಜ್ಜೆ ಇಟ್ಟರು, ಪಾಪ. ಹತ್ತು ನಿಮಿಷ ಅಷ್ಟೇ, ಆಮೇಲೆ ಸಂತೆ.

30 ಆಗಸ್ಟ್

ಹಿಂದಿನ ಬೆಂಚಿನ ಧರಣಿ. ಎರಡು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಅವಳ ದನಿ ಸರಿಯಾಗಿ ಕೇಳಿರಲಿಲ್ಲ. ಇವತ್ತು ಕಂಪ್ಯೂಟರಿನ ಪೇಂಟ್‌ನಲ್ಲಿ ಜೀರ್ಣಾಂಗವ್ಯೂಹ ಬರೆದಿದ್ದಾಳೆ. ಜಠರಕ್ಕೆ ಕೆಂಪು, ಪಿತ್ತಕೋಶಕ್ಕೆ ಗಿಳಿಹಸಿರು. ಸುತ್ತ ನಿಂತವರಿಗೆ ಅನ್ನದ ಅಗುಳು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಮೌಸ್ ಓಡಿಸಿ ಹೇಳುತ್ತಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದು ಯಾರಿಗೂ ಗೊತ್ತಿಲ್ಲ. ನನಗಿಂತ ಚೆನ್ನಾಗಿ ಹೇಳಿದಳು. ಈಗ ಎಲ್ಲರೂ ಅವಳನ್ನು "ಧರಣಿ ಮಿಸ್" ಅಂತ ರೇಗಿಸುತ್ತಾರೆ. ಅವಳಿಗೂ ಅದು ಇಷ್ಟ.

ಸಿದ್ಧಾರ್ಥನಗರದ ಮನೆ ಸೇರುವವರೆಗೂ ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಬಂದೆ.

9 ಅಕ್ಟೋಬರ್, ಶನಿವಾರ

ದಸರಾ ರಜಕ್ಕೆ ಮುಂಚೆ ಸ್ಕೂಲಿನ ಆಯುಧಪೂಜೆ. ಬೆಲ್ಲು, ಗ್ಲೋಬು, ಲ್ಯಾಬಿನ ತಕ್ಕಡಿ... ಈ ವರ್ಷ ಕಂಪ್ಯೂಟರ್ ಕೂಡ. ಹೆಡ್‌ಮಾಸ್ಟರು ಪಂಚೆ ಉಟ್ಟು ತಾವೇ ನಿಂತರು. ಪ್ರತಿಯೊಂದಕ್ಕೂ ವಿಭೂತಿ, ಕುಂಕುಮ, ಸೇವಂತಿಗೆ. ಮೊದಲ ಎರಡರ ಸಿಪಿಯು ಮೇಲೇ ಕಾಯಿ ಇಟ್ಟು ಒಡೆದರು. ಕಾಯಿನೀರು ಪಕ್ಕದ ತೂತುಗಳಿಗೆ ಇಳಿಯಿತು. ಮೇಲೆ ವೀಳ್ಯದೆಲೆಯಲ್ಲಿ ನೀರು ಚಿಮುಕಿಸಿದ್ದು ಬೇರೆ, ಹಿಡಿ ಅಕ್ಷತೆ ಬೇರೆ.

"ಸಾರ್, ಒಳಗೆ ನೀರು ಹೋದ್ರೆ—"

"ಅದು ನೀರಲ್ಲಮ್ಮ. ತೀರ್ಥ."

ಎಲ್ಲರಿಗೂ ಪುರಿ, ಬಾಳೆಹಣ್ಣು. ಧರಣಿ ಬಂದಿರಲಿಲ್ಲ. ಅವರ ಮನೆಯಲ್ಲಿ ಬುದ್ಧನನ್ನು ನಂಬುತ್ತಾರೆ, ಪೂಜೆಗೆ ಬರಬೇಕಾ ಮಿಸ್ ಅಂತ ನಿನ್ನೆಯೇ ಕೇಳಿದ್ದಳು. ಬಲವಂತವಿಲ್ಲ ಅಂದಿದ್ದೆ.

27 ಅಕ್ಟೋಬರ್

ಎರಡು ಮೆಷೀನ್ ಸತ್ತಿವೆ. ಸ್ವಿಚ್ ಹಾಕಿದ ತಕ್ಷಣ ಟಪ್ ಅಂದಿತು, ಸುಟ್ಟ ವಾಸನೆ. ಸರ್ವೀಸಿನ ಹುಡುಗ ಅಮರ್ ಬಂದು ಸ್ಕ್ರೂ ಬಿಚ್ಚಿದ. ಒಳಗೆಲ್ಲ ತುಕ್ಕು, ಕುಂಕುಮದ ಕೆಸರು, ಅರಿಶಿನದ ಅಕ್ಕಿ.

"ಇನ್ನೊಂದ್ ವಗ್ಗರಣೆ ಕೊಟ್ಟಿದ್ರೆ ಚಿತ್ರಾನ್ನ ಆಗೋಗದು ಮೇಡಂ" ಅಂದ.

ನಗು ತಡೆಯಲಾಗಲಿಲ್ಲ. ಹೆಡ್‌ಮಾಸ್ಟರು ಹಿಂದೆಯೇ ನಿಂತಿದ್ದರು. ನಗಲಿಲ್ಲ. ಅಮರ್ ಹೋದ ಮೇಲೆ ಮೆಲ್ಲಗೆ ಕೇಳಿದರು — ರಜಕ್ಕೆ ಮುಂಚೆ ಶುಕ್ರವಾರ ಕೊನೆಗೆ ಮುಟ್ಟಿದ್ದು ಯಾರು?

ಧರಣಿ, ಅಂದೆ. ಯಾಕೆ ಕೇಳುತ್ತಿದ್ದಾರೆ ಅಂತ ಆಗ ಹೊಳೆಯಲಿಲ್ಲ.

29 ಅಕ್ಟೋಬರ್

ಮೈಯೆಲ್ಲ ಉರಿಯುತ್ತಿದೆ.

ಪ್ರಾರ್ಥನೆಯಲ್ಲಿ, ಇಡೀ ಸ್ಕೂಲಿನ ಮುಂದೆ, ಮೈಕಿನಲ್ಲಿ. "ಒಂಬತ್ತನೇ ಕ್ಲಾಸಿನ ಧರಣಿ ಅಜಾಗರೂಕತೆಯಿಂದ ಎರಡು ಕಂಪ್ಯೂಟರ್ ಕೆಡಿಸಿದ್ದಾಳೆ. ಪೂಜೆಗೂ ಬರ್ಲಿಲ್ಲ ಆ ಹುಡ್ಗಿ. ಇನ್ಮೇಲೆ ಯಾರೂ ಮುಟ್ಟೋ ಹಾಗಿಲ್ಲ."

"ಸಾರ್, ಅದು ಸುಳ್ಳು" ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಜನಗಣಮನ ಶುರುಮಾಡಿಸಿಬಿಟ್ಟರು. ಎಲ್ಲರೂ ಅಟೆನ್ಷನ್. ನಾನೂ. ಧರಣಿ ಸಾಲಿನಲ್ಲಿ ನೆಟ್ಟಗೆ ನಿಂತೇ ಅಳುತ್ತಿದ್ದಳು. ಮುಗಿದ ಕೂಡಲೇ ಬೆಲ್ಲು, ಮಕ್ಕಳು ಚದುರಿದರು.

ಮೊಸರು ತಿಂದದ್ದು ಕೋತಿ, ಒರೆಸಿದ್ದು ಮೇಕೆಯ ಬಾಯಿಗೆ. ಬೀಗದ ಕೈ ವಾಪಸು ಕಿತ್ತುಕೊಂಡರು.

8 ನವೆಂಬರ್

ವಾರವಾಯಿತು, ಧರಣಿ ಸ್ಕೂಲಿಗೆ ಬಂದಿಲ್ಲ. ಸಂಜೆ ಮೇಟಗಳ್ಳಿಯ ಅವಳ ಮನೆಗೆ ಹೋದೆ. ಅವಳ ತಾಯಿ ಪುಟ್ಟಲಿಂಗಮ್ಮ ಆಗಷ್ಟೇ ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದಿದ್ದರು. ಕೂರಲು ಚೇರು ಹಾಕಿದರು. ಕಾಫಿ ಕೊಟ್ಟರು. ಆಮೇಲೆ ಮಾತು.

"ಮುಟ್ಬೇಡ ಅನ್ನೋದು ನಮ್ಗೇನ್ ಹೊಸ್ದಲ್ಲ ಬುಡಿ ಮಿಸ್. ನಮ್ಮವ್ವಂಗೆ ಬಾವಿ ಮುಟ್ಬೇಡ ಅಂದ್ರು. ಇವ್ಳಿಗೆ ಕಂಪ್ಯೂಟ್ರು. ದೀಪಾವಳಿ ಕಳೀಲಿ, ನನ್ ಜೊತೇಲೇ ಕೆಲ್ಸಕ್ ಕರ್ಕೊಂಡೋಯ್ತೀನಿ. ಅಲ್ಲಿ ಹೊಲ್ಗೆ ಮಿಷಿನ್ನಾದ್ರೂ ಮುಟ್ಟಕ್ ಬುಡ್ತಾರೆ."

"ನಾನ್ ಕೆಡಿಸಿಲ್ಲ ಮಿಸ್" ಅಂದಳು ಧರಣಿ.

"ಗೊತ್ತು ಕಣೇ."

"ಗೊತ್ತಿದ್ರೆ ಯಾಕ್ ಮಿಸ್ ಯಾರೂ ಹೇಳ್ಲಿಲ್ಲ?"

ಕೆಲಸಕ್ಕೆ ಕಳಿಸಬೇಡಿ, ಸ್ವಲ್ಪ ದಿನ ಕಾಯಿರಿ ಅಂತ ಪುಟ್ಟಲಿಂಗಮ್ಮನವರ ಕೈ ಹಿಡಿದು ಕೇಳಿ ಎದ್ದು ಬಂದೆ.

9 ನವೆಂಬರ್

ಹಬ್ಬ ಕಳೆದು ಹದಿನೇಳಕ್ಕೆ ಶಿಕ್ಷಣ ಇಲಾಖೆಯ ಬಿ.ಇ.ಒ. ಸಾಹೇಬರು ಕಂಪ್ಯೂಟರ್ ಕೆಟ್ಟದ್ದನ್ನು ವಿಚಾರಿಸಲು ಬರುತ್ತಾರಂತೆ. ಹೆಡ್‌ಮಾಸ್ಟರು ಕರೆದು ಕೂರಿಸಿ, ಟೀ ತರಿಸಿ, ಬಹಳ ನಯವಾಗಿ:

"ಮಕ್ಳು ಕೆಡಿಸಿದ್ರು ಅಂದ್ಬುಡಿ ಸಾಕು. ಹೆಸ್ರು ಬೇಡ. ದೇವರ ಕೆಲ್ಸದ ಮೇಲೆ ತಪ್ಪು ಹೊರಿಸ್ತೀರಾ? ನೀವೂ ಮಠಕ್ಕೆ ನಡ್ಕೊಳ್ಳೋ ಮನೆಯವ್ರು..."

ಟೀ ಕುಡಿಯದೆ ಎದ್ದೆ.

ಮನೆಯಲ್ಲಿ ಅತ್ತೆಗೆ ಹೇಳಿದೆ. ಲಿಂಗಪೂಜೆ ಆಗದೆ ಒಂದು ತೊಟ್ಟು ನೀರು ಮುಟ್ಟದವರು, ಏನನ್ನುತ್ತಾರೋ ಅಂತ ಒಳಗೊಳಗೇ ಅಳುಕು. ಅವರೆಕಾಯಿ ಸುಲಿಯುತ್ತಾ ತಲೆಯೆತ್ತದೆ ಅಂದರು: "ಮೇಲೆ ನೀರು ಹುಯ್ಯಿ ಅಂತ ಶಿವ ಬಂದು ಕೇಳಿದ್ನೇನು? ಮಾಡಿದ್ದನ್ನ ಒಪ್ಕೊಳ್ದೆ ಮಗು ತಲೆಗೆ ಕಟ್ಟೋನು ಎಷ್ಟು ವಿಭೂತಿ ಬಳ್ಕೊಂಡ್ರೇನು? ಹೋಗಿ ಹೇಳು ಸುಷ್ಮಾ. ಕೆಲ್ಸ ಹೋದ್ರೆ ಸೊಪ್ಪುಸಾರು ತಿನ್ನೋಣ."

17 ನವೆಂಬರ್, ಸಂಜೆ

ಹೇಳಿದೆ. ಒಂದಕ್ಷರ ಬಿಡದೆ. ಕಾಯಿ, ತೀರ್ಥ, ಅಕ್ಷತೆ, ಅಮರ್ ಬಿಚ್ಚಿ ತೋರಿಸಿದ್ದು, ಎಲ್ಲ. ಹೆಡ್‌ಮಾಸ್ಟರು ಕಿಟಕಿಯ ಕಡೆ ನೋಡುತ್ತಾ ನಿಂತರು.

ಬಿ.ಇ.ಒ. ಅಡ್ಡಗೋಡೆ ಮೇಲೆ ದೀಪ ಇಟ್ಟರು. "ಯಾರದ್ದೂ ತಪ್ಪಲ್ಲ ಅಂತ ಇಟ್ಕೊಳ್ಳಿ. ಎನ್‌ಕ್ವೈರಿ ಆಗೋವರ್ಗೂ ರೂಮು ಮುಚ್ಚಿರ್ಲಿ."

"ಧರಣಿ ಕೆಡಿಸಿಲ್ಲ ಅಂತ ಪ್ರಾರ್ಥನೇಲಿ ಹೇಳ್ಸಿ ಸಾರ್."

"ಅದೆಲ್ಲ ಈಗ್ಯಾಕಮ್ಮ? ಮಕ್ಳು, ಮರ್ತೋಗ್ತಾರೆ."

ಮಕ್ಕಳು ಮರೆಯುವುದಿಲ್ಲ. ವಾಪಸು ಬರುವಾಗ ಮೇಟಗಳ್ಳಿಯಲ್ಲಿ ಇಳಿದೆ. ನಾಳೆ ಒಂದೇ ಒಂದು ದಿನ ಇಬ್ಬರೂ ಪ್ರಾರ್ಥನೆಗೆ ಬನ್ನಿ ಅಂದೆ. ಪುಟ್ಟಲಿಂಗಮ್ಮ ಬರುತ್ತೇವೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ.

18 ನವೆಂಬರ್, 11.20

ಒಂಬತ್ತನೇ ಕ್ಲಾಸಿನ ಪೀರಿಯಡ್, ಕಂಪ್ಯೂಟರ್ ರೂಮಿನಲ್ಲೇ ಕೂತು ಬರೆಯುತ್ತಿದ್ದೇನೆ. ಚಿಲಕ ಒಳಗಿನಿಂದ.

ಬಂದರು. ತಾಯಿ ಗೇಟಿನ ಹತ್ತಿರ, ಮಗಳು ಸಾಲಿನ ಕೊನೆಯಲ್ಲಿ. ನಾಡಗೀತೆ ಮುಗಿಯುತ್ತಿದ್ದ ಹಾಗೇ ಮೈಕ್ ಹಿಡಿದೆ. ಧರಣಿ ಏನೂ ಕೆಡಿಸಿಲ್ಲ, ಪೂಜೆಯ ನೀರು ಒಳಗೆ ಹೋಗಿ ಮೆಷೀನ್ ಸುಟ್ಟಿತು, ಅವಳ ಮೇಲೆ ಹೇಳಿದ್ದು ಸುಳ್ಳು ಅಂದೆ. ಆಮೇಲೆ ತಿರುಗಿ ಹೆಡ್‌ಮಾಸ್ಟರ ಮುಂದೆ ಕೈ ಚಾಚಿದೆ. "ಸಾರ್, ಬೀಗದ ಕೈ." ಅಷ್ಟು ಮಕ್ಕಳೂ ನೋಡುತ್ತಿದ್ದರು. ಕೊಟ್ಟರು. "ಸಸ್ಪೆಂಡ್ ಆದ್ರೆ ನನ್ನ ಕೇಳ್ಬೇಡಿ" ಅಂದರು, ಹಲ್ಲು ಕಚ್ಚಿ.

ಮೂರು ಮೆಷೀನ್ ಚೆನ್ನಾಗಿವೆ. ಎರಡು ಶುರುವಾಗಿವೆ. ಮೂರನೆಯದರ ಮುಂದೆ ಧರಣಿ, ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದಾಳೆ. ಹತ್ತು ನಿಮಿಷದಿಂದ ಹಾಗೇ. ನಾನೂ ಒತ್ತಾಯ ಮಾಡಲಿಲ್ಲ.

ಬಾಗಿಲು ಬಡಿಯುತ್ತಿದ್ದಾರೆ. ಬಿ.ಇ.ಒ. ಫೋನಿನಲ್ಲಿದ್ದಾರಂತೆ, ಈಗಲೇ ಬರಬೇಕಂತೆ. ಪೀರಿಯಡ್ ಮುಗಿಸಿ ಬರುತ್ತೇನೆ ಅಂತ ಕೂಗಿ ಹೇಳಿದೆ.

"ಮಿಸ್... ಏನಾದ್ರೂ ಆದ್ರೆ?"

"ಆಗ್ಲಿ. ಯಾರು ಕೇಳಿದ್ರೂ ನನ್ ಹೆಸ್ರು ಹೇಳು."

ಕುರ್ಚಿ ಎಳೆದುಕೊಂಡಳು. ಸ್ವಿಚ್ ಒತ್ತಿದಳು. ಪರದೆ ಬೆಳಗಿತು. ಎಲ್ಲರೂ ಓ ಅಂತ ಅವಳ ಸುತ್ತ ನುಗ್ಗಿದರು. "ತಳ್ಳಬೇಡ್ರೋ, ಒಬ್ಬೊಬ್ರೇ ಬನ್ನಿ" ಅಂತ ಗದರುತ್ತಿದ್ದಾಳೆ, ನನ್ನ ಧರಣಿ ಮಿಸ್! ಮತ್ತೆ ಬಾಗಿಲು, ಈ ಸಲ ಜೋರಾಗಿ. ಬಡಿಯಲಿ. ಅವಳು ಕರೆಯುತ್ತಿದ್ದಾಳೆ, ಏನೋ ತೋರಿಸಬೇಕಂತೆ, ಮೊದಲು ಅಲ್ಲಿಗೆ ಹೋಗಿ—