ಕಣ್ಣು ಮುಚ್ಚಿ ಆರಿಸಿದ ಕ್ಯಾಮೆರಾ

ತ್ರ್ಯಾವ್ನಾ,
ಅಕ್ಟೋಬರ್ 10, ಗುರುವಾರ

ಪ್ರೀತಿಯ ದೊಂಕಾ,

ಹೇಗಿದ್ದೀ? ಮೊಣಕಾಲು ನೋವು ಕಡಿಮೆಯಾಯಿತೇ? ಬೊಲೊನ್ಯಾದ ಆ ಮನೆಯ ನಾಲ್ಕು ಮಹಡಿ ಮೆಟ್ಟಿಲನ್ನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀಯೋ, ಕೇಳಿದರೆ ಸರಿಯಾಗಿ ಹೇಳುವವಳಲ್ಲ. ನೀನು ನೋಡಿಕೊಳ್ಳುವ ಇಲ್ದಾ ಅಜ್ಜಿ ಈಗ ನೀನು ಕೊಟ್ಟ ಗಂಜಿಯನ್ನು ಉಗುಳದೆ ಕುಡಿಯುತ್ತಾರಾ? ಅವರಿಗೆ ನನ್ನ ನಮಸ್ಕಾರ ತಿಳಿಸು. ನಾನು ಚೆನ್ನಾಗಿ ಉಣ್ಣುತ್ತಿದ್ದೇನೆ. ಆಗಸ್ಟಿನಲ್ಲಿ ನೀನು ಸುಟ್ಟು, ಸಿಪ್ಪೆ ಸುಲಿದು, ಬಾಟಲಿಗೆ ತುಂಬಿಟ್ಟು ಹೋದ ಕೆಂಪು ಮೆಣಸಿನಕಾಯಿ ಇನ್ನೂ ಒಂಬತ್ತು ಬಾಟಲಿ ಉಳಿದಿದೆ. ಈ ಕಾಗದದಲ್ಲಿ ಅಕ್ಷರ ದಪ್ಪಗೆ, ಸಾಲು ಸೊಟ್ಟಗೆ ಇರುವುದನ್ನು ನೋಡಿ ನಗಬೇಡ. ಪೆಟ್ಟಿಗೆಗಳ ಮೇಲೆ ಹೆಸರು ಬರೆಯುವ ಮಾರ್ಕರ್ ಕೈಗೆ ಸಿಕ್ಕಿತು, ಅದರಲ್ಲೇ ಬರೆಯುತ್ತಿದ್ದೇನೆ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನ ಮಾತನ್ನು ಮುಗಿಯಲು ಬಿಡುವುದಿಲ್ಲ, ಮದುವೆಯಾದ ಮೂವತ್ತೆರಡು ವರ್ಷದಿಂದ ಬಿಟ್ಟಿಲ್ಲ. ಭಾನುವಾರ ನೀನು ಎರಡು ಪ್ರಶ್ನೆ ಕೇಳಿದೆ. ಅಲ್ಲಿ ಔಷಧಿ ಅಂಗಡಿಯ ಪಕ್ಕದ ಅಂಗಡಿಯ ಗಾಜಿನೊಳಗೆ ಎಡಕ್ಕೊಂದು ಬಲಕ್ಕೊಂದು ಇಟ್ಟಿರುವ ಎರಡು ಕ್ಯಾಮೆರಾಗಳಲ್ಲಿ ನನಗೆ ಯಾವುದು ಬೇಕು ಎಂಬುದು ಒಂದು. ನಾನು ಮತ್ತೆ ಕುಡಿಯಲು ಶುರು ಮಾಡಿದ್ದೇನೆಂದು ಎದುರು ಮನೆಯ ವೆನಾ ಹೇಳಿದ್ದು ನಿಜವೇ ಎಂಬುದು ಇನ್ನೊಂದು. ಎರಡಕ್ಕೂ ಇದೇ ಇಪ್ಪತ್ತಾರರ ದಿಮಿತರನ ಹಬ್ಬದೊಳಗೆ ಉತ್ತರ ಬೇಕು ಎಂದೆ. ದುಡಿಯಲು ಹೋದವರು ಗಂಟು ಕಟ್ಟಿಕೊಂಡು ಮನೆಗೆ ಮರಳುವ ಹಬ್ಬ ಅದು. ನೀನು ಮಾತ್ರ, "ಕುಡೀತಿದೀಯ ಅಂತಾದ್ರೆ ಕ್ಯಾಮೆರಾನೂ ಇಲ್ಲ, ನಾನೂ ಬರಲ್ಲ, ಚಳಿಗಾಲ ಪೂರ್ತಿ ಇಲ್ಲೇ ಇರ್ತೀನಿ ಅಂತ ಅಜ್ಜಿ ಮಗನಿಗೆ ಹೇಳ್ಬಿಡ್ತೀನಿ" ಎಂದೆ. ನೀನು ಹೇಳಿದಂತೆ ಮಾಡುವವಳು ಎಂದು ನನಗೆ ಗೊತ್ತು. ಅಂದಿನಿಂದ ಮೂರು ಸಲ ಕಾಗದ ಬರೆದು ಹರಿದಿದ್ದೇನೆ. ನಾನು ಕುಡಿದಿಲ್ಲ, ದೊಂಕಾ. ಆ ಸುದ್ದಿಯನ್ನು ಊರಿಗೆ ಹಬ್ಬಿಸಿದವನು ನಾನೇ. ಯಾಕೆ ಎನ್ನುವುದನ್ನು ಮೊದಲಿನಿಂದ ಹೇಳಬೇಕು.

ಕಳೆದ ತಿಂಗಳು ಚಾವಣಿ ಕೆಲಸದ ಸ್ಲಾವಿ ತೀರಿಕೊಂಡದ್ದು ನಿನಗೆ ಗೊತ್ತಿದೆ. ಊರಿನ ಕಂಬಗಳಿಗೆ ಅಂಟಿಸುವ ಸಾವಿನ ಹಾಳೆ ಮಾಡಿಸಲು ಅವನ ಹೆಂಡತಿ ಕೀನಾ ನಮ್ಮ ಸ್ಟುಡಿಯೊಗೆ ಬಂದಳು. ಕೈಯಲ್ಲಿದ್ದದ್ದು ಮಗಳ ಮದುವೆಯ ಗುಂಪು ಫೋಟೊ ಒಂದೇ. ಜೀವಮಾನವಿಡೀ ಸ್ಲಾವಿ ಕ್ಯಾಮೆರಾ ಕಂಡರೆ ಓಡುತ್ತಿದ್ದ, ನಿನಗೂ ನೆನಪಿರಬಹುದು. ಅವನ ಪಕ್ಕದಲ್ಲಿ ತಮ್ಮ ಮಿಂಚೊ ನಿಂತಿದ್ದ. ಒಂದೇ ಬಗೆಯ ಮೀಸೆ, ಒಂದೇ ಬಗೆಯ ಟೋಪಿ. ಕೀನಾ ಬೆರಳಿಟ್ಟು ತೋರಿಸಿದಳು. ನಾನು ಹೂಂ ಎಂದೆ. ಅವಳು ಹೋದ ಮೇಲೆ ಮುಖ ಕತ್ತರಿಸಿ, ದೊಡ್ಡದು ಮಾಡಿ, ಕಪ್ಪು ಅಂಚು ಕೊಟ್ಟು, ಕೆಳಗೆ ಸ್ಲಾವಿಯ ಹೆಸರು ಹಾಕಿ ನಲವತ್ತು ಹಾಳೆ ತೆಗೆದೆ. ಒಯ್ಯಲು ಬಂದಾಗ ಅಳುತ್ತಿದ್ದ ಕೀನಾ ಸುರುಳಿ ಬಿಚ್ಚಿ ನೋಡಲಿಲ್ಲ. ಅಂಟಿಸಲು ಹೋದ ಗಂಡಸರು ತಲೆ ತಗ್ಗಿಸಿಕೊಂಡು ಗಡಿಯಾರದ ಗೋಪುರದಿಂದ ಸೇತುವೆಯವರೆಗೆ ಪ್ರತಿ ಕಂಬಕ್ಕೂ, ಬಸ್ ನಿಲ್ದಾಣಕ್ಕೂ, ಅವರದೇ ಮನೆಯ ಗೇಟಿಗೂ ಅಂಟಿಸಿಬಿಟ್ಟರು. ಮರುದಿನ ಬೆಳಿಗ್ಗೆ ಮಿಂಚೊ ಬ್ರೆಡ್ಡು ತರಲು ಹೋದರೆ ಬೇಕರಿಯವಳು ಎದೆಯ ಮೇಲೆ ಶಿಲುಬೆ ಎಳೆದುಕೊಂಡು ಒಳಗೆ ಓಡಿದಳಂತೆ. ನಾನು ಹಾಕಿದ್ದು ಬದುಕಿರುವವನ ಮುಖ.

ಅವನು ಹಾಳೆಯನ್ನು ಕಿತ್ತುಕೊಂಡು ನೇರ ನನ್ನ ಬಳಿ ಬಂದ. ಕೂಗಾಡಿದ್ದರೆ ವಾಸಿಯಿತ್ತು. ಕುರ್ಚಿ ಎಳೆದು ಕೂತು, "ಮೆತೋದಿ, ಈ ಫೋಟೊದಲ್ಲಿ ನಾನು ಚೆನ್ನಾಗೇ ಬಂದಿದೀನಿ ಮಾರಾಯ. ಆದ್ರೆ ನಮ್ಮವ್ವ ಗೇಟಿನ ಹತ್ರ ಕೂತ್ಬಿಟ್ಟಿದಾಳೆ. ಒಬ್ಬ ಮಗನಿಗೆ ಅಳ್ಬೇಕೋ ಇಬ್ರಿಗೂ ಅಳ್ಬೇಕೋ ಅವಳಿಗೆ ಗೊತ್ತಾಗ್ತಿಲ್ಲ" ಎಂದ. ತೊಂಬತ್ತೊಂದು ವರ್ಷದ ಮುದುಕಿ, ದೊಂಕಾ. ನಾನು ಅಂಗಡಿ ಬಾಗಿಲು ಹಾಕಿ ಅವನ ಜೊತೆ ಹೊರಟೆ. ನಲವತ್ತು ಹಾಳೆಯನ್ನೂ ಇಬ್ಬರೂ ಸೇರಿ ಕೆರೆದು ತೆಗೆದೆವು. ತನ್ನ ಮುಖವನ್ನು ತಾನೇ ಉಗುರಿನಿಂದ ಕೆರೆಯುತ್ತಾ ಅವನು ಒಂದೇ ಒಂದು ಮಾತು ಕೇಳಿದ: "ಮತ್ತೆ ಹಾಕ್ಕೊಳ್ತಿದೀಯೇನೋ?" ನಾನು ಹೌದು ಎಂದುಬಿಟ್ಟೆ. ಆ ಗಳಿಗೆಯಲ್ಲಿ ಕುಡುಕ ಎನಿಸಿಕೊಳ್ಳುವುದೇ ನನಗೆ ಹಗುರವೆನಿಸಿತು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ವೆನಾಳ ಅಡುಗೆಮನೆಗೆ ಮುಟ್ಟಿತು, ಅಲ್ಲಿಂದ ಬೊಲೊನ್ಯಾ ಎಷ್ಟು ದೂರ.

ಇನ್ನು ಕ್ಯಾಮೆರಾ ವಿಷಯ. ಅಪ್ಪನ ಕಾಲದ ಕ್ಯಾಮೆರಾಕ್ಕೆ ಈಗ ಫಿಲ್ಮ್ ತೊಳೆದುಕೊಡುವವರಿಲ್ಲ. ಅಳಿಯ ಕೊಟ್ಟ ಕ್ಯಾಮೆರಾದಲ್ಲಿ ಎಲ್ಲವೂ ಪರದೆಯೊಳಗೆ. ಒಂದು ಗುಂಡಿ ಒತ್ತಿದರೆ ಒಂದು ಪಟ್ಟಿ, ಅದರೊಳಗೆ ಇನ್ನೊಂದು ಪಟ್ಟಿ, ಎಲ್ಲಾ ಇರುವೆ ಗಾತ್ರದ ಅಕ್ಷರ. ಜುಲೈಯಲ್ಲಿ ಒಂದು ಮಗುವಿನ ದೀಕ್ಷಾಸ್ನಾನಕ್ಕೆ ಹೋಗಿ ಪೂರ್ತಿ ಫೋಟೊಗಳನ್ನು ಕತ್ತಲು ಮಾಡಿಕೊಂಡು ಬಂದೆ, ಪಾದ್ರಿಯ ಗಡ್ಡವೊಂದೇ ಬೆಳ್ಳಗೆ ಕಾಣುತ್ತಿತ್ತು. ಅದನ್ನು ನಿನಗೆ ಹೇಳಿರಲಿಲ್ಲ. ನಿನ್ನೆ ಬಸ್ಸು ಹತ್ತಿ ತರ್ನೊವೊಗೆ ಹೋಗಿದ್ದೆ. ನೀನು ಹೇಳಿದ ಎರಡೂ ಅಲ್ಲಿನ ಅಂಗಡಿಯಲ್ಲಿದ್ದವು. ಎಡಗಡೆಯದು ಹಗುರ, ಚುರುಕು, ಆದರೆ ಅದೂ ಪರದೆಯ ಗುಲಾಮ. ಬಲಗಡೆಯದನ್ನು ಕೈಗೆತ್ತಿಕೊಂಡರೆ ಅಪ್ಪನ ಕ್ಯಾಮೆರಾವೇ ಒಳಗೆ ಡಿಜಿಟಲ್ ಆಗಿ ವಾಪಸು ಬಂದಂತಿತ್ತು. ತಲೆಯ ಮೇಲೆ ಶಟರ್ ವೇಗಕ್ಕೊಂದು ಡಯಲ್, ಬೆಳಕು ಹೆಚ್ಚು ಕಡಿಮೆ ಮಾಡಲು ಇನ್ನೊಂದು, ಲೆನ್ಸಿನ ಸುತ್ತ ಟಿಕ್ ಟಿಕ್ ಎಂದು ತಿರುಗುವ ಬಳೆ. ಶಟರಿನ ಡಯಲ್ ಒಂದು ಕಡೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಅಲ್ಲಿಂದ ಎಣಿಸಿದರೆ ಆರನೇ ಟಿಕ್ಕಿಗೆ ನೂರಿಪ್ಪತ್ತೈದರ ವೇಗ. ಫೋಕಸ್ಸನ್ನು ಕ್ಯಾಮೆರಾ ತಾನೇ ಹಿಡಿದುಕೊಳ್ಳುತ್ತದಂತೆ. ನಾನು ಡಯಲ್ಲನ್ನು ಹತ್ತು ಸಲ ತಿರುಗಿಸಿದೆ, ಹತ್ತು ಸಲವೂ ಲೆಕ್ಕ ತಪ್ಪಲಿಲ್ಲ. ಅಂಗಡಿಯ ಹುಡುಗಿ ನಕ್ಕು, "ಏನ್ ತಾತಾ, ಎಲ್ರೂ ಕಣ್ಣು ಬಿಟ್ಕೊಂಡು ಕ್ಯಾಮೆರಾ ನೋಡ್ತಾರೆ, ನೀವು ಮುಚ್ಕೊಂಡು ನೋಡ್ತಿದೀರಲ್ಲ" ಎಂದಳು. ಹಳೇ ಕೈಗೆ ಹೀಗೇ ಅಭ್ಯಾಸ ಎಂದೆ. ಮುಂದೇನೂ ಕೇಳದೆ ಅವಳು ಚಹಾ ತರಿಸಿದಳು.

ಆದ್ದರಿಂದ ಬಲಗಡೆಯದು. ಆದರೂ ಬೇಕು ಎಂದು ಬರೆಯಲು ಕೈ ಬರುತ್ತಿಲ್ಲ. ಮಂಗಳವಾರ ಕೀನಾ ಮತ್ತೆ ಬಂದಿದ್ದಳು. ಮೂವತ್ತೊಂದಕ್ಕೆ ಸ್ಲಾವಿಯ ನಲವತ್ತನೇ ದಿನ. ಬೇಯಿಸಿದ ಗೋಧಿ ಹಂಚುತ್ತಾರೆ, ಹೊಸ ಹಾಳೆ ಅಂಟಿಸಬೇಕು. ಬೇರೆ ಯಾರ ಬಳಿಯಾದರೂ ಹೋಗುತ್ತಾಳೆಂದುಕೊಂಡಿದ್ದೆ. ಅದೇ ಮದುವೆ ಫೋಟೊವನ್ನು ಮೇಜಿನ ಮೇಲಿಟ್ಟು, "ಈ ಸಲನಾದ್ರೂ ನನ್ನ ಗಂಡನ್ನೇ ಹಾಕಪ್ಪಾ" ಎಂದಳು. ಬೈಯಲಿಲ್ಲ, ನಂಬಿ ಕೊಟ್ಟುಹೋದಳು. ಆ ಫೋಟೊ ಈಗ ನನ್ನ ಮುಂದೆಯೇ ಇದೆ. ಮೊದಲಾದರೆ ನಾನು ಬೆಳಕು ನೋಡಿಕೊಳ್ಳುತ್ತಿದ್ದೆ, ನೀನು ಮುಖ ನೋಡಿಕೊಳ್ಳುತ್ತಿದ್ದೆ. ನೀನೇ ಗಿರಾಕಿಯ ಕಾಲರ್ ಎಳೆದು ಸರಿಮಾಡಿ, "ಯಾರಾದ್ರೂ ಸಾಲ ಕೇಳ್ತಿದಾರೇನ್ರೀ, ಸ್ವಲ್ಪ ನಗಿ" ಎನ್ನುತ್ತಿದ್ದೆ. ನಾವು ತೆಗೆದ ಒಳ್ಳೆಯ ಫೋಟೊಗಳಲ್ಲಿ ಅರ್ಧ ನಿನ್ನವು ಎಂದು ನಾನು ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ.

ಕಾಲು ಜೋಪಾನ. ನೆಲ ಒರೆಸುವಾಗ ಮಂಡಿಯೂರಬೇಡ, ಉದ್ದ ಕೋಲಿನದು ಕೇಳಿ ತೆಗೆದುಕೋ. ಮಿಂಚೊ ನಿನ್ನನ್ನು ಕೇಳಿದನೆಂದು ತಿಳಿಸಲು ಹೇಳಿದ್ದಾನೆ, ತಾನಿನ್ನೂ ಬದುಕಿದ್ದೇನೆಂದೂ ತಿಳಿಸಬೇಕಂತೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ಮೆತೋದಿ

ತಾ.ಕ. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ತರ್ನೊವೊಗೆ ನಾನು ಹೋದದ್ದು ಕ್ಯಾಮೆರಾ ನೋಡಲಷ್ಟೇ ಅಲ್ಲ, ಕಣ್ಣಿನ ಡಾಕ್ಟರರ ಬಳಿಗೂ. ಬಲಗಣ್ಣಿನ ನಡುಭಾಗ ಹೋಗಿದೆ, ಎಡಗಣ್ಣಿನದು ಹೋಗುತ್ತಿದೆ. ಸುಮ್ಮನೆ ಕತ್ತಲಾಗುವುದಿಲ್ಲವಂತೆ, ಸುತ್ತಲಿನದು ಉಳಿಯುತ್ತದೆ, ನೇರ ನೋಡಿದ್ದು ಮಾತ್ರ ಅಳಿಸಿಹೋಗುತ್ತದೆ. ಟೋಪಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಸ್ಲಾವಿಯೋ ಮಿಂಚೊನೋ ನನಗೆ ನಿಜಕ್ಕೂ ಗೊತ್ತಾಗಲಿಲ್ಲ, ಕೇಳಲು ನಾಚಿಕೆಯಾಯಿತು. ಭಾನುವಾರ ನೀನು ಫೋನಿನಲ್ಲಿ ಮುಖ ತೋರಿಸಿದಾಗ ನೆಟ್‌ವರ್ಕ್ ಸರಿಯಿಲ್ಲ ಎಂದೆನಲ್ಲ, ನೆಟ್‌ವರ್ಕ್ ಚೆನ್ನಾಗಿಯೇ ಇತ್ತು. ಡಯಲ್ಲುಗಳನ್ನು ಬೆರಳು ಓದುತ್ತದೆ, ಮುಖವನ್ನು ಓದುವುದಿಲ್ಲ. ಬಲಗಡೆಯದನ್ನೇ ತೆಗೆದುಕೋ, ಆದರೆ ಅಂಚೆಯಲ್ಲಿ ಕಳಿಸಬೇಡ. ಹಬ್ಬಕ್ಕೆ ನೀನೇ ಕೈಯಲ್ಲಿ ಹಿಡಿದುಕೊಂಡು ಬಾ. ಮೂವತ್ತೊಂದರೊಳಗೆ ಸ್ಲಾವಿ ಯಾರೆಂದು ತೋರಿಸಿಕೊಡು. ಅದಕ್ಕಿಂತ ಮೊದಲು ನಿನ್ನದೊಂದು ಫೋಟೊ ತೆಗೆಯಬೇಕು. ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಕೂತುಕೋ, ಬೆಳಕು ನಾನು ನೋಡಿಕೊಳ್ಳುತ್ತೇನೆ. ನಗುತ್ತಿದ್ದೀಯೋ ಇಲ್ಲವೋ, ಅದನ್ನು ನೀನೇ ಹೇಳಬೇಕು.